ಅರವತ್ತಮೂರನೆಯ ಅಡಿಟಿಪ್ಪಣಿ

ಸರ್ವಮಂಗಳಮ್ಮನವರನ್ನು ನಾನು ಮೊದಲು ಕಂಡದ್ದು ೧೯೭೬ರ ಜೂನ್ ತಿಂಗಳಲ್ಲಿ, ಶಾಲೆ ತೆರೆದ ಎರಡನೆಯ ದಿನ. ನಮ್ಮ ಪ್ರೌಢಶಾಲೆಯ ವಾರ್ಷಿಕ ವರದಿಯನ್ನು ಟೈಪು ಮಾಡಿಸಿಕೊಂಡು ಬರುವಂತೆ ಹೆಡ್‌ಮಾಸ್ಟರು ನನ್ನನ್ನು ಕಳುಹಿಸಿದ್ದರು. ಆಗ ತುಮಕೂರಿನಲ್ಲಿ ಇಂಗ್ಲಿಷ್ ಟೈಪು ಯಂತ್ರಗಳಿಗೆ ಬರವಿರಲಿಲ್ಲ. ಕನ್ನಡದ ಯಂತ್ರವನ್ನು ಮನೆಯಲ್ಲಿಟ್ಟುಕೊಂಡು ಹೊರಗಿನವರಿಗೆ ಕೆಲಸ ಮಾಡಿಕೊಡುತ್ತಿದ್ದವರು ಮಾತ್ರ ಇಬ್ಬರೋ ಮೂವರೋ. ಅವರಲ್ಲಿ ತಪ್ಪಿಲ್ಲದೆ ಹೊಡೆಯುವವರು ಈಕೆಯೇ ಎಂದು ಹೇಳಿದ್ದರು.

ಮನೆಯ ಮುಂದಿನ ಕೋಣೆಯ ಕಿಟಕಿಯ ಕೆಳಗೆ ಮೇಜು, ಮೇಜಿನ ಮೇಲೆ ಯಂತ್ರ, ಯಂತ್ರದ ಪಕ್ಕದಲ್ಲಿ ನೀಲಿ ಕಾರ್ಬನ್ ಹಾಳೆಗಳ ಕಟ್ಟು. ಸುಮಾರು ಮೂವತ್ತೈದು ವರ್ಷದ, ತೆಳ್ಳಗಿನ ಹೆಂಗಸು. ಹಣೆಯಲ್ಲಿ ವಿಭೂತಿ, ಬಲಗೈಯ ಬೆರಳ ತುದಿಗಳಲ್ಲಿ ಮಾಸದ ನೀಲಿ. ನಾನು ಕೊಟ್ಟ ವರದಿಯನ್ನು ಎರಡು ಸಲ ತಿರುವಿ ನೋಡಿ, ನಾನು ಯಾವ ವಿಷಯ ಪಾಠ ಮಾಡುವುದೆಂದು ಕೇಳಿದರು. ಕನ್ನಡ ಎಂದೆ. ಅವರು ಬಾಗಿಲ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು.

"ಮೇಷ್ಟ್ರೇ, ಈ ದೊಡ್ಡ ದೊಡ್ಡ ಪ್ರಬಂಧಗಳಲ್ಲಿ ಪುಟದ ಕೆಳಗೆ ಸಣ್ಣದಾಗಿ ಬರ್ದಿರ್ತಾರಲ್ಲ, ಅದನ್ನ ಯಾರಾದ್ರೂ ಓದ್ತಾರಾ?"

ಅಡಿಟಿಪ್ಪಣಿಯ ಮಾತು ಎಂದು ತಿಳಿಯಿತು. ನನಗೆ ತಮಾಷೆಯೆನಿಸಿತು. "ಬರೆದೋನು ಒಂದ್ಸಲ, ಟೈಪ್ ಮಾಡಿದೋರು ಒಂದ್ಸಲ. ಮೂರನೆಯವರು ಓದಿದ್ದನ್ನ ನಾನಂತೂ ಕಂಡಿಲ್ಲಮ್ಮ" ಎಂದೆ.

ಅವರು ನಗಲಿಲ್ಲ. ಬಿಗಿಹಿಡಿದಿದ್ದ ಉಸಿರನ್ನು ಬಿಟ್ಟಂತೆ ಭುಜಗಳು ಕೆಳಗಿಳಿದವು. ನನ್ನ ಮಾತು ಚೆನ್ನಾಗಿ ಬಂತೆಂದು ಹಿಗ್ಗಿ ನಾನು ಮನೆಗೆ ಹೋದೆ. ಹೆದರಿ ಕೇಳಿದವರಿಗೆ ಹಗುರವಾಗಿ ಉತ್ತರ ಕೊಟ್ಟಿದ್ದೇನೆಂದು ತಿಳಿದದ್ದು ಐದು ವರ್ಷಗಳ ನಂತರ.

ಸರ್ವಮಂಗಳಮ್ಮ ಹುಟ್ಟಿದ್ದು ಗುಬ್ಬಿಯಲ್ಲಿ. ಎಸ್.ಎಸ್.ಎಲ್.ಸಿ. ಆದ ಮೇಲೆ ಟೈಪು ಕಲಿತು, ಮದುವೆಯಾಗಿ ತುಮಕೂರಿಗೆ ಬಂದವರು. ಅವರ ಯಜಮಾನರು ಹಿರೇಹಳ್ಳಿಯ ಒಂದು ಕಾರ್ಖಾನೆಯಲ್ಲಿ ಕಬ್ಬಿಣ ಕಡೆಯುವ ಲೇತು ಯಂತ್ರ ನಡೆಸುತ್ತಿದ್ದರು. ಮಾತು ಕಡಮೆ, ಪಾಳಿ ಮುಗಿಸಿ ಬಂದರೆ ಹಿತ್ತಲಿನ ನುಗ್ಗೆಮರದ ಕೆಳಗೆ ಕುಳಿತುಬಿಡುತ್ತಿದ್ದರು. ಮನೆಯಲ್ಲಿ ಕೇಳುತ್ತಿದ್ದುದು ಯಂತ್ರದ ಸದ್ದೊಂದೇ.

ಆ ವರದಿಯ ನಂತರ ನಾನು ಆಗಾಗ ಅಲ್ಲಿಗೆ ಹೋಗುವಂತಾಯಿತು. ಡಾಕ್ಟರೇಟ್ ಪದವಿಗೆ ಮಹಾಪ್ರಬಂಧ ಬರೆಯುವ ಅಧ್ಯಾಪಕರು ಜಿಲ್ಲೆಯಲ್ಲಿ ಹೆಚ್ಚುತ್ತಿದ್ದ ಕಾಲ ಅದು. ಅವರ ಕೈಬರಹವೆಲ್ಲ ಈಕೆಯ ಮೇಜಿಗೆ ಬರುತ್ತಿತ್ತು. ಟೈಪಾದ ಹಾಳೆಗಳನ್ನು ಮೂಲದೊಡನೆ ಹೋಲಿಸಿ ನೋಡಲು ಒಬ್ಬರು ಬೇಕಾಗಿತ್ತು. ಶನಿವಾರದ ಮಧ್ಯಾಹ್ನಗಳಲ್ಲಿ ನಾನು ಆ ಕೆಲಸಕ್ಕೆ ಕೂರುತ್ತಿದ್ದೆ. ಅವರು ಮೂಲವನ್ನು ಓದುವುದು, ನಾನು ಬೆರಳಿಟ್ಟು ನೋಡುವುದು.

ಅಡಿಟಿಪ್ಪಣಿಯ ಕೆಲಸ ಎಷ್ಟು ಕಷ್ಟವೆಂದು ನನಗೆ ಅಲ್ಲಿ ತಿಳಿಯಿತು. ಪುಟದ ಕೆಳಗೆ ಎಷ್ಟು ಸಾಲು ಬೇಕೆಂದು ಮೊದಲೇ ಅಳೆದು, ಹಾಳೆಯ ಅಂಚಿನಲ್ಲಿ ಪೆನ್ಸಿಲಿನಿಂದ ಗೀಟು ಹಾಕಿಕೊಳ್ಳಬೇಕು. ಒಂದು ಟಿಪ್ಪಣಿ ಹೆಚ್ಚೋ ಕಡಮೆಯೋ ಆದರೆ ಮುಂದಿನ ಸಂಖ್ಯೆಗಳೆಲ್ಲ ಜಾರುತ್ತವೆ. ಆಗ ಆ ಅಧ್ಯಾಯವನ್ನು ನಾಲ್ಕು ಪ್ರತಿಗಳಲ್ಲೂ ಹೊಸದಾಗಿ ಹೊಡೆಯಬೇಕು. ಓದಲಾಗದ ಹೆಸರು ಬಂದರೆ ಸರ್ವಮಂಗಳಮ್ಮ ಊಹಿಸುತ್ತಿರಲಿಲ್ಲ. ಹತ್ತು ಅಕ್ಷರದಷ್ಟು ಜಾಗ ಬಿಟ್ಟು, ಅದರ ಸುತ್ತ ಪೆನ್ಸಿಲಿನಿಂದ ಸುತ್ತು ಹಾಕುತ್ತಿದ್ದರು. ಹೆಸರೇನೆಂದು ಕೇಳಿ ಒಂದು ಚೀಟಿ ಬರೆದು ಬಸ್ಸಿನ ಕಂಡಕ್ಟರ ಕೈಯಲ್ಲಿ ಗುಬ್ಬಿಗೋ ಕುಣಿಗಲ್ಲಿಗೋ ಕಳುಹಿಸಿದರೆ, ಬರೆದವರ ಉತ್ತರ ಮರುಬಸ್ಸಿನಲ್ಲಿ ಬರುತ್ತಿತ್ತು. ಇಷ್ಟು ಎಚ್ಚರದ ಹೆಂಗಸು ಅಂಚೆಯವನ ಸೈಕಲ್ಲಿನ ಗಂಟೆ ಕೇಳಿದರೆ ಏಕೆ ಬೆಚ್ಚುತ್ತಿದ್ದರೋ ನನಗೆ ಅರ್ಥವಾಗುತ್ತಿರಲಿಲ್ಲ. ಯಾರದಾದರೂ ಹಾಳೆಗಳ ನಡುವೆ ವಿಶ್ವವಿದ್ಯಾನಿಲಯದ ಮೊಹರಿದ್ದ ಲಕೋಟೆ ಕಂಡರೆ ಸಾಕು, ಎದ್ದು ಒಳಗೆ ಹೋಗಿ ನೀರು ಕುಡಿದು ಬರುತ್ತಿದ್ದರು.

೧೯೮೧ರ ಮಳೆಗಾಲದಲ್ಲಿ ತುಮಕೂರಿನ ಒಬ್ಬ ಅಧ್ಯಾಪಕರು ತಮ್ಮ ಪ್ರಬಂಧವನ್ನು ಟೈಪಿಗೆ ತಂದುಕೊಟ್ಟರು. ಹೆಸರು ಮಹಾಲಿಂಗಯ್ಯ. ಗಟ್ಟಿ ದನಿ, ಗರಿಗರಿ ಇಸ್ತ್ರಿಯ ಅಂಗಿ. ಹಳೆಯ ಮೈಸೂರು ಸೀಮೆಯ ನೀರಾವರಿಯ ವಿಷಯ ಬರೆದಿದ್ದರು. ಟೈಪು ಶುರುಮಾಡುವ ಮುನ್ನ ಮೂರನೆಯ ಅಧ್ಯಾಯದ ಕೈಬರಹವನ್ನು ಓದುತ್ತಿದ್ದ ಸರ್ವಮಂಗಳಮ್ಮ ನಡುವೆ ನಿಂತರು. ನಾನು ತಲೆಯೆತ್ತಿ ನೋಡಿದಾಗ ಅವರ ಮುಖ ಬಿಳಿಚಿಕೊಂಡಿತ್ತು. ಕೈಯಲ್ಲಿದ್ದ ಹಾಳೆಯನ್ನು ನನ್ನ ಮುಂದಿಟ್ಟು ಕೆಳಗಿನ ಒಂದು ಸಾಲನ್ನು ತೋರಿಸಿದರು. "ದ್ಯಾವಪ್ಪ, ಕ್ಯಾತ್ಸಂದ್ರ: ಕೈಬರಹದ ಪುಸ್ತಕ, ಪುಟ ೪೧" ಎಂದಿತ್ತು. ಅದರ ಮುಂದೆ ಮಹಾಲಿಂಗಯ್ಯನವರು "ಈ ಹಸ್ತಪ್ರತಿಯನ್ನು ಖುದ್ದಾಗಿ ಪರಿಶೀಲಿಸಲಾಗಿದೆ" ಎಂದು ಸೇರಿಸಿದ್ದರು.

"ಇಂಥ ಪುಸ್ತಕ ಇಲ್ಲ ಮೇಷ್ಟ್ರೇ. ಇದು ನಾನು ಕಟ್ಟಿದ್ದು" ಎಂದರು ಸರ್ವಮಂಗಳಮ್ಮ.

ಏಳು ವರ್ಷಗಳಿಂದ ಯಾರಿಗೂ ಹೇಳದಿದ್ದುದನ್ನು ಆ ಮಧ್ಯಾಹ್ನ ಹೇಳಿದರು.

ಗುಬ್ಬಿಯ ಕಾಲೇಜೊಂದರಲ್ಲಿ ಗಂಗಹನುಮಯ್ಯನೆಂಬ ಅಧ್ಯಾಪಕರಿದ್ದರು. ಅವರ ಪ್ರಬಂಧ ಕುಣಿಗಲ್ ಕಡೆಯ ನೀರುಗಂಟಿಗಳನ್ನು ಕುರಿತದ್ದು. ಕೆರೆಯ ತೂಬು ತೆಗೆದು ಗದ್ದೆಗಳಿಗೆ ಸರದಿಯಂತೆ ನೀರು ಬಿಡುವವನೇ ನೀರುಗಂಟಿ. ೧೯೭೪ರ ನವೆಂಬರಿನಲ್ಲಿ ಪ್ರಬಂಧವನ್ನು ಒಪ್ಪಿಸಲು ಕಡೆಯ ದಿನ ಬಂದಿತ್ತು. ಗಂಗಹನುಮಯ್ಯನವರಿಗೆ ಒಂದು ಅಭ್ಯಾಸ. ಅಡಿಟಿಪ್ಪಣಿಗಳನ್ನು ಹಾಳೆಯಲ್ಲಿ ಬರೆಯದೆ, ಹಳೆಯ ಲಗ್ನಪತ್ರಿಕೆಗಳನ್ನು ಕತ್ತರಿಸಿ ಅವುಗಳ ಬೆನ್ನಿನ ಮೇಲೆ ಬರೆದು, ಆಯಾ ಪುಟಕ್ಕೆ ಗುಂಡುಸೂಜಿಯಿಂದ ಚುಚ್ಚಿ ಕಳುಹಿಸುತ್ತಿದ್ದರು. ನಾಲ್ಕನೆಯ ಅಧ್ಯಾಯದಲ್ಲಿ ಒಂದು ಮಾತು ಹೀಗಿತ್ತು: "ಮಳೆ ಕಡಮೆಯಾದ ವರ್ಷ ನೀರುಗಂಟಿಯು ಕೆರೆಯ ಹತ್ತಿರದ ಗದ್ದೆಗಳನ್ನು ಬಿಟ್ಟು, ಕಟ್ಟಕಡೆಯ ಗದ್ದೆಗಳಿಗೆ ಮೊದಲು ನೀರು ಹಾಯಿಸುತ್ತಿದ್ದನು." ಅದರ ತಲೆಯ ಮೇಲೆ ಅರವತ್ತಮೂರು ಎಂಬ ಸಂಖ್ಯೆ ಇತ್ತು. ಅರವತ್ತಮೂರನೆಯ ಚೀಟಿ ಇರಲಿಲ್ಲ. ಸೂಜಿಯ ತೂತು ಮಾತ್ರ ಇತ್ತು.

ಸರ್ವಮಂಗಳಮ್ಮ ಮೇಜಿನ ಕೆಳಗೆ, ಕಸದ ಬುಟ್ಟಿಯಲ್ಲಿ, ಬಾಗಿಲ ಸಂದಿಯಲ್ಲೆಲ್ಲ ಹುಡುಕಿದರು. ತಮ್ಮ ಕೈಯಿಂದಲೇ ಕಳೆದುಹೋಯಿತೆಂದು ನಂಬಿದರು. ಮಧ್ಯಾಹ್ನದ ಬಸ್ಸಿನಲ್ಲಿ ಗುಬ್ಬಿಗೆ ಚೀಟಿ ಕಳುಹಿಸಿದರು. ಅಧ್ಯಾಪಕರು ಮದುವೆಗೆಂದು ಕುಣಿಗಲ್ಲಿಗೆ ಹೋಗಿದ್ದಾರೆ, ಬೆಳಗ್ಗೆ ಅಲ್ಲಿಂದ ನೇರವಾಗಿ ಬಂದು ಪ್ರಬಂಧವನ್ನು ತೆಗೆದುಕೊಂಡು ರೈಲು ಹತ್ತುತ್ತಾರೆ ಎಂದು ಉತ್ತರ ಬಂತು. ಅಷ್ಟರಲ್ಲಿ ಅರವತ್ತನಾಲ್ಕರಿಂದ ತೊಂಬತ್ತರವರೆಗೆ ಟೈಪಾಗಿಹೋಗಿತ್ತು. ಪುಟದ ಕೆಳಗೆ ಒಂದು ಸಾಲಿನ ಜಾಗ ಬರಿದಾಗಿ ಉಳಿದಿತ್ತು. ಆಧಾರವಿಲ್ಲದ ಸಂಖ್ಯೆಯನ್ನು ಪರೀಕ್ಷಕರು ಕಂಡರೆ ಪ್ರಬಂಧವನ್ನೇ ತಿರುಗಿಸಿ ಕಳುಹಿಸುತ್ತಾರೆ, ಒಬ್ಬರ ಐದು ವರ್ಷದ ದುಡಿಮೆ ತನ್ನಿಂದ ಹಾಳಾಗುತ್ತದೆ ಎಂದು ಅವರು ಹೆದರಿದರು. ಅದೇ ಹೊತ್ತಿಗೆ ಸಂಜೆಯ ಹಾಲಿನವನು ಬಾಗಿಲಲ್ಲಿ ನಿಂತು ಕೂಗಿದ. ಕ್ಯಾತ್ಸಂದ್ರದಿಂದ ಸೈಕಲ್ಲಿನಲ್ಲಿ ಹಾಲು ತರುತ್ತಿದ್ದ ದ್ಯಾವಪ್ಪ. ಸರ್ವಮಂಗಳಮ್ಮ ಹಾಲು ಹಾಕಿಸಿಕೊಂಡು ಬಂದು, ಕುಳಿತು, ಆ ಸಾಲನ್ನು ತುಂಬಿದರು.

ದ್ಯಾವಪ್ಪನಿಗೆ ಓದು ಬರಹ ಬರುತ್ತಿರಲಿಲ್ಲ.

ಬೆಳಗ್ಗೆ ಹೇಳಿಬಿಡಬೇಕೆಂದು ನಿಶ್ಚಯಿಸಿದ್ದರು. ಗಂಗಹನುಮಯ್ಯ ಓಡೋಡಿ ಬಂದರು. ಜಟಕಾ ಹೊರಗೆ ನಿಂತಿತ್ತು. ಕಟ್ಟನ್ನು ಎದೆಗವಚಿಕೊಂಡು, ನೀವು ನನ್ನ ಮಾನ ಉಳಿಸಿದಿರಿ ಎಂದು ಬಗ್ಗಿ ಇವರ ಕಾಲು ಮುಟ್ಟಿ ಹೊರಟುಹೋದರು. ಹೇಳಲು ಬಾಯಿ ಬರಲಿಲ್ಲ. ಮರುವರ್ಷ ಪದವಿ ಬಂತು. ಒಂದು ಪೊಟ್ಟಣ ಮೈಸೂರು ಪಾಕು ಕೊಟ್ಟುಹೋದರು. ಕುಳಿತುಕೊಳ್ಳಲಿಲ್ಲ, ಮುಖ ಕೊಟ್ಟು ಮಾತಾಡಲಿಲ್ಲ. ಆಮೇಲೆ ಇತ್ತ ಬರಲೇ ಇಲ್ಲ. ಮತ್ತೊಂದು ಪುಸ್ತಕವನ್ನು ಬೇರೆಯವರಿಂದ ಟೈಪು ಮಾಡಿಸಿದರೆಂದು ಕಿವಿಗೆ ಬಿತ್ತು. ತನ್ನ ಕಳ್ಳತನ ಅವರಿಗೆ ಗೊತ್ತಾಗಿದೆ, ಯಾವತ್ತೋ ಒಂದು ದಿನ ಎಲ್ಲರ ಮುಂದೆ ಹೇಳುತ್ತಾರೆ ಎಂಬ ಹೆದರಿಕೆ ಅಂದಿನಿಂದ ಸರ್ವಮಂಗಳಮ್ಮನನ್ನು ಬಿಟ್ಟಿರಲಿಲ್ಲ. ನನ್ನನ್ನು ಮೊದಲ ದಿನ ಆ ಪ್ರಶ್ನೆ ಕೇಳಿದ್ದು ಅದಕ್ಕೆ. ಈಗ ಆ ಸಾಲು ಇನ್ನೊಬ್ಬರ ಪ್ರಬಂಧದೊಳಗೆ ಹೊಕ್ಕು, ಖುದ್ದಾಗಿ ಪರಿಶೀಲಿಸಿದವರನ್ನೂ ಸಂಪಾದಿಸಿಕೊಂಡು, ಅವರ ಮೇಜಿಗೇ ತಿರುಗಿ ಬಂದಿತ್ತು.

ಏನು ಮಾಡಲಿ ಎಂದು ಅವರು ನನ್ನನ್ನು ಕೇಳಿದರು. ನಾನೂ ಹೆದರಿದೆ. ಎದ್ದು ಹೇಳಿದರೆ ಗಂಗಹನುಮಯ್ಯನವರ ಪದವಿಗೆ ಏನಾಗುತ್ತದೋ, ಮಹಾಲಿಂಗಯ್ಯನವರು ಏನು ಗದ್ದಲವೆಬ್ಬಿಸುತ್ತಾರೋ, ಈಕೆಗೆ ಇನ್ನು ಯಾರು ಕೆಲಸ ಕೊಡುತ್ತಾರೋ. ಬರೆದದ್ದನ್ನು ಹಾಗೆಯೇ ಹೊಡೆದು ಕೊಟ್ಟುಬಿಡಿ, ಜವಾಬ್ದಾರಿ ಬರೆದವರದು ಎಂದೆ. ಮೂವತ್ತು ವರ್ಷ ಮಕ್ಕಳಿಗೆ ಸತ್ಯದ ಪಾಠ ಹೇಳಿದವನು ಕೊಟ್ಟ ಸಲಹೆ ಅದು. ಅವರು ಹಾಗೆಯೇ ಹೊಡೆದು ಕೊಟ್ಟರು.

ಮರುವರ್ಷ ಫೆಬ್ರವರಿಯ ಒಂದು ಸಂಜೆ ಹಾಲಿನ ದ್ಯಾವಪ್ಪ ಗಾಬರಿಯಿಂದ ಬಂದ. ಸೈಕಲ್ಲನ್ನು ಗೋಡೆಗೆ ಒರಗಿಸಿ, ಹಾಲು ಅಳೆಯುವುದನ್ನೂ ಮರೆತು ನಿಂತ. ನಾನು ಅಲ್ಲೇ ಇದ್ದೆ.

"ಅವ್ವ, ಯಾರೋ ಇಬ್ರು ಕನ್ನಡಕದೋರು ನಮ್ಮನೆತಾವ ಬಂದಿದ್ರು. ದ್ಯಾವಪ್ಪ ಅಂದ್ರೆ ನೀನೇನಾ ಅಂದ್ರು. ನಿನ್ನ ಪುಸ್ತಕ ತೋರ್ಸು ಅಂತಾವ್ರೆ. ಹಾಲಿಗೆ ನೀರು ಹಾಕ್ದೋನ ಹಿಡ್ಯಕೆ ಬಂದವ್ರೆ ಅಂದ್ಕಂಡೆ. ಹೋಗ್ಲಿ ಅಂತ ರೇಷನ್ ಕಾರ್ಡ್ ತೋರ್ಸಿದ್ರೆ, ಇದಲ್ಲ ಕಣಯ್ಯ, ನಲವತ್ತೊಂದು ಪುಟಕ್ಕಿಂತ ದೊಡ್ಡದು ಅಂದ್ರು. ನಲವತ್ತೊಂದು ಪುಟದ ರೇಷನ್ ಕಾರ್ಡು ಯಾರಿಗೆ ಕೊಟ್ಟವ್ರವ್ವ?"

ಬೇರೆ ದಿನವಾಗಿದ್ದರೆ ನಕ್ಕುಬಿಡುತ್ತಿದ್ದೆವು. ಸರ್ವಮಂಗಳಮ್ಮ ಅಲ್ಲೇ ಹೊಸ್ತಿಲ ಮೇಲೆ ಕುಳಿತುಬಿಟ್ಟರು.

ಎರಡು ದಿನ ಬಿಟ್ಟು ಮಹಾಲಿಂಗಯ್ಯನವರೇ ಬಂದರು. ಅಂಗಿಯ ಇಸ್ತ್ರಿ ಮುದುರಿತ್ತು, ದನಿಯೂ ಅಡಗಿತ್ತು. ಪರೀಕ್ಷಕರು ಪತ್ರ ಬರೆದಿದ್ದರು: ಕ್ಯಾತ್ಸಂದ್ರದ ಆ ಹಸ್ತಪ್ರತಿ ಅಪರೂಪದ್ದೆಂದು ತೋರುತ್ತದೆ; ಮೌಖಿಕ ಪರೀಕ್ಷೆಯ ದಿನ ಅದನ್ನು ತಪ್ಪದೆ ತರತಕ್ಕದ್ದು. ಪರೀಕ್ಷೆಗೆ ಇಪ್ಪತ್ತು ದಿನ ಉಳಿದಿತ್ತು. ಇವರು ಕ್ಯಾತ್ಸಂದ್ರಕ್ಕೆ ಕಳುಹಿಸಿದ್ದ ಇಬ್ಬರು ಗೆಳೆಯರು, ಅಲ್ಲಿರುವುದು ಹಾಲು ಮಾರುವವನೊಬ್ಬ, ಅವನಲ್ಲ ಎಂದು ತಿರುಗಿ ಬಂದಿದ್ದರು. ಆಧಾರವನ್ನು ತಾವು ನೋಡಿಲ್ಲ, ಗಂಗಹನುಮಯ್ಯನವರ ಪ್ರಬಂಧದಿಂದ ಎತ್ತಿಕೊಂಡದ್ದು ಎಂದು ಒಪ್ಪಿಕೊಂಡರು. ಅವರನ್ನು ಹೋಗಿ ಕೇಳಲು ಮುಖವಿಲ್ಲ. ಅವರ ಪ್ರಬಂಧವನ್ನು ಹೊಡೆದವರು ನೀವಲ್ಲವೇ, ಈ ದ್ಯಾವಪ್ಪನ ವಿಳಾಸವೇನಾದರೂ ಗೊತ್ತೇ ಎಂದು ಬೇಡಿಕೊಂಡರು.

ಸೋಮವಾರ ಬನ್ನಿ ಎಂದು ಸರ್ವಮಂಗಳಮ್ಮ ಕಳುಹಿಸಿದರು. ಆಮೇಲೆ ಹಿತ್ತಲಿಗೆ ಹೋಗಿ ಯಜಮಾನರಿಗೆ ಎಲ್ಲವನ್ನೂ ಹೇಳಿದರು. ನಾನು ನಡುಮನೆಯಲ್ಲಿ ಕುಳಿತಿದ್ದೆ. ಆ ಮನುಷ್ಯ ಅಷ್ಟುದ್ದ ಮಾತಾಡಿದ್ದನ್ನು ಕೇಳಿದ್ದು ಅದೊಂದೇ ಸಲ.

"ಅಳತೆ ತಪ್ಪಿದ ಸಾಮಾನು ನಮ್ ಕೈಲಿದ್ದಾಗ ಯಾರಿಗೂ ಹೇಳ್ದೆ ಸರಿಮಾಡ್ಬೋದು ಕಣೇ. ಗೇಟು ದಾಟಿ ಹೋದ್ಮೇಲೆ ಹಂಗಾಗಲ್ಲ. ಅದನ್ನ ಇನ್ಯಾರೋ ಮಿಷನ್‌ಗೆ ಹಾಕ್ತಾರೆ, ಅವ್ನ ಕೈ ಹೋಗ್ತದೆ. ನಂದು ಅಂತ ಹೇಳಿ ವಾಪಸ್ ತರಿಸ್ಕೋಬೇಕು."

ಭಾನುವಾರ ಬೆಳಗ್ಗೆ ನಾವಿಬ್ಬರೂ ಗುಬ್ಬಿಯ ಬಸ್ಸು ಹತ್ತಿದೆವು. ದಾರಿಯುದ್ದಕ್ಕೂ ಅವರು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುವುದು, ಬಿಚ್ಚುವುದು. ಗುಬ್ಬಿಯಲ್ಲಿ ಇಳಿದ ಮೇಲೆ ಒಂದು ಸಲ, ತಿರುಗಿ ಹೋಗುವ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿದರು. ಹೇಳಿದೆ. ಸ್ವಲ್ಪ ನಿಂತು ಮುಂದೆ ನಡೆದರು.

ಗಂಗಹನುಮಯ್ಯ ಜಗುಲಿಯ ಮೇಲೆ ಪತ್ರಿಕೆ ಓದುತ್ತಿದ್ದರು. ನಲವತ್ತೈದರ ಸುಮಾರು, ತಲೆ ನರೆತಿತ್ತು. ಸರ್ವಮಂಗಳಮ್ಮನನ್ನು ಕಂಡೊಡನೆ ಎದ್ದು ನಿಂತರು. ಪತ್ರಿಕೆ ಕೈಯಿಂದ ಜಾರಿತು. ಅವರ ಮುಖದಲ್ಲಿದ್ದದ್ದು ಕೋಪವಲ್ಲ. ನಾನು ಅಧ್ಯಾಪಕ, ತಪ್ಪು ಸಿಕ್ಕಿಬಿದ್ದ ವಿದ್ಯಾರ್ಥಿಯ ಮುಖ ನನಗೆ ಗೊತ್ತು. ಅಂಥ ಮುಖ ಅದು.

ಸರ್ವಮಂಗಳಮ್ಮ ಕುಳಿತುಕೊಳ್ಳದೆ, ನಿಂತೇ ಹೇಳಿದರು. ಚೀಟಿ ಕಳೆದದ್ದು, ಹಾಲಿನವನು ಬಂದದ್ದು, ಸಾಲು ತುಂಬಿದ್ದು, ಮಹಾಲಿಂಗಯ್ಯನವರ ಪರೀಕ್ಷೆ. ಶಿಕ್ಷೆ ಏನಿದ್ದರೂ ನನಗೇ ಆಗಲಿ, ನಿಮ್ಮ ಪದವಿಗೆ ತೊಂದರೆಯಾಗದಂತೆ ನೀವು ಹೇಳಿದ ಕಡೆ ಸಹಿ ಮಾಡುತ್ತೇನೆ ಎಂದರು.

ಗಂಗಹನುಮಯ್ಯ ಬಿದ್ದಿದ್ದ ಪತ್ರಿಕೆಯನ್ನು ಎತ್ತಿ ಮಡಿಸಿಟ್ಟರು.

"ಆ ಚೀಟಿ ನಿಮ್ಮ ಕೈಲಿ ಕಳೀಲಿಲ್ಲಮ್ಮ" ಎಂದರು. "ನಾನೇ ಕಿತ್ತು ಇಟ್ಕೊಂಡೆ."

ನಮಗೆ ಅರ್ಥವಾಗಲಿಲ್ಲ. ಅವರು ಒಳಗೆ ಹೋಗಿ ಒಂದು ಹಳೆಯ ನಿಘಂಟು ತಂದರು. ಅದರೊಳಗಿಂದ ಲಗ್ನಪತ್ರಿಕೆಯ ತುಂಡೊಂದನ್ನು ತೆಗೆದು ಸರ್ವಮಂಗಳಮ್ಮನ ಕೈಗಿಟ್ಟರು. ಒಂದು ಬದಿಯಲ್ಲಿ ಅಚ್ಚಾದ ಗಣಪತಿಯ ಅರ್ಧ ಚಿತ್ರ. ಇನ್ನೊಂದು ಬದಿಯಲ್ಲಿ, "೬೩. ಓಬಳಮ್ಮ, ನೀರುಗಂಟಿ ಬೀರಯ್ಯನ ಹೆಂಡತಿ, ಹೇಳಿದ್ದು" ಎಂದು ಬರೆದಿತ್ತು. ಸೂಜಿಯ ತೂತಿನ ಸುತ್ತ ತುಕ್ಕಿನ ಕಲೆಯಿತ್ತು.

ನಡೆದದ್ದು ಇಷ್ಟು. ಬಸ್ಸಿಗೆ ಕಟ್ಟು ಕೊಡುವ ಮುನ್ನ ಅವರಿಗೆ ಅಳುಕು ಬಂತು. ಉಳಿದ ಟಿಪ್ಪಣಿಗಳಲ್ಲೆಲ್ಲ ದೊಡ್ಡ ದೊಡ್ಡ ಗ್ರಂಥಗಳು, ಸರ್ಕಾರಿ ವರದಿಗಳು. ನಡುವೆ ಓದುಬರಹವಿಲ್ಲದ ಹೆಂಗಸೊಬ್ಬಳು ಹೇಳಿದಳೆಂದು ಬರೆದರೆ, ಇದೂ ಒಂದು ಆಧಾರವೇ ಎಂದು ಪರೀಕ್ಷಕರು ನಕ್ಕಾರು ಎನಿಸಿತು. ಅಧ್ಯಾಯವೆಲ್ಲ ಆ ಒಂದು ಮಾತಿನ ಮೇಲೆ ನಿಂತಿತ್ತು. ಚೀಟಿಯನ್ನು ಕಿತ್ತರು. ಯಾವುದಾದರೂ ಪುಸ್ತಕದಲ್ಲಿ ಅದೇ ಮಾತು ಸಿಕ್ಕರೆ ಆ ಹೆಸರನ್ನು ಕಳುಹಿಸೋಣವೆಂದುಕೊಂಡರು. ಯಾವ ಪುಸ್ತಕದಲ್ಲೂ ಸಿಗಲಿಲ್ಲ. ಮದುವೆಯ ಗದ್ದಲದಲ್ಲಿ ದಿನ ಮುಗಿಯಿತು. ರೈಲಿನಲ್ಲಿ ಕುಳಿತು ಪುಟ ತಿರುವಿದಾಗ ಅಲ್ಲಿ ಕ್ಯಾತ್ಸಂದ್ರದ ದ್ಯಾವಪ್ಪನಿದ್ದ. ನೀವು ತುಂಬಿದ್ದೀರಿ ಎಂದು ಆಗಲೇ ತಿಳಿಯಿತು ಎಂದರು. ಇಳಿದು ತಿರುಗಿ ಬರಬಹುದಾಗಿತ್ತು. ಬರಲಿಲ್ಲ. ಇರಲಿ, ಒಳ್ಳೆಯದೇ ಆಯಿತು ಎನಿಸಿತು.

"ಆ ಮೈಸೂರು ಪಾಕು ಕೊಟ್ಟು ಹೋದ್ಮೇಲೆ ನಿಮ್ಮ ಬೀದಿಗೆ ಕಾಲಿಡೋಕೆ ನಂಗೆ ಧೈರ್ಯ ಇಲ್ಲ. ನೀವು ಎಲ್ಲಾದ್ರೂ ಹೇಳಿಬಿಟ್ರೆ ಅಂತ ಹೆದರ್ಕೊಂಡೇ ಇದೀನಿ."

ಸರ್ವಮಂಗಳಮ್ಮ ಚೀಟಿಯನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದರು. ಬೈಯುತ್ತಾರೆಂದು ನಾನು ಕಾದೆ. ಅವರು ಕೇಳಿದ್ದು ಬೇರೆ.

"ಈ ಓಬಳಮ್ಮ ಇದ್ದಾರಾ?"

ಗೊತ್ತಿಲ್ಲ ಎಂದರು ಗಂಗಹನುಮಯ್ಯ. ಆಗಲೇ ಅರವತ್ತು ದಾಟಿದ್ದ ಹೆಂಗಸು. ಅಲ್ಲಿಗೆ ಮತ್ತೆ ಹೋಗಿರಲಿಲ್ಲ.

ಈಗ ಹೊಸ ಹೆದರಿಕೆ ಹುಟ್ಟಿತು. ಆಕೆ ತೀರಿಕೊಂಡಿದ್ದರೆ ಆ ಮಾತಿಗೆ ಭೂಮಿಯ ಮೇಲೆ ಸಾಕ್ಷಿಯಿಲ್ಲ. ಇದ್ದ ಸುಳ್ಳನ್ನು ತೆಗೆದರೆ ಆ ಜಾಗದಲ್ಲಿ ಇಡಲು ಏನೂ ಉಳಿಯುವುದಿಲ್ಲ. ಇಬ್ಬರ ಪ್ರಬಂಧಗಳೂ ಕೆಡುತ್ತವೆ. ಮಹಾಲಿಂಗಯ್ಯನವರಿಗೆ ಸೋಮವಾರ ಎಲ್ಲವನ್ನೂ ತಿಳಿಸಿದ್ದಾಯಿತು. ಅವರು ಮೊದಲು ಹಾರಾಡಿದರು. ಪರೀಕ್ಷೆಯ ದಿನವನ್ನು ನೆನೆದು ಮೆತ್ತಗಾದರು. ಬುಧವಾರ ನಾನು, ಸರ್ವಮಂಗಳಮ್ಮ, ಗಂಗಹನುಮಯ್ಯ ಮೂವರೂ ಕುಣಿಗಲ್ಲಿಗೆ ಹೋಗಿ, ಅಲ್ಲಿಂದ ಮಾರ್ಕೋನಹಳ್ಳಿಯ ಬಸ್ಸು ಹಿಡಿದು, ದಾರಿಯಲ್ಲಿ ಸಿಗುವ ಒಂದು ಸಣ್ಣ ಹಳ್ಳಿಯಲ್ಲಿ ಇಳಿದೆವು. ಕೆರೆಯ ಏರಿಯ ಮೇಲೆ ಒಂದೂವರೆ ಮೈಲಿ ನಡೆಯಬೇಕು. ಕೆರೆಯಲ್ಲಿ ನೀರು ತಳ ಕಂಡಿತ್ತು. ಎದುರಿಗೆ ಬಂದ ಒಬ್ಬ ರೈತನನ್ನು ಗಂಗಹನುಮಯ್ಯ ಓಬಳಮ್ಮನ ಮನೆ ಯಾವುದೆಂದು ಕೇಳಿದರು. ಅವನು ಉತ್ತರ ಕೊಡುವ ಮೊದಲು ನಮ್ಮನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಆ ಒಂದು ಗಳಿಗೆಯಲ್ಲಿ ಸರ್ವಮಂಗಳಮ್ಮ ಕಣ್ಣು ಮುಚ್ಚಿಕೊಂಡಿದ್ದರು.

ಅವನು ಕೈ ತೋರಿಸಿದ ಮನೆಯ ಮುಂದೆ, ಹೊಂಗೆಮರದ ನೆರಳಲ್ಲಿ, ಒಬ್ಬ ಮುದುಕಿ ಮೊರದಲ್ಲಿ ಹುರುಳಿ ಕೇರುತ್ತಿದ್ದಳು. ಕಿವಿ ಸ್ವಲ್ಪ ಮಂದ, ಕಣ್ಣು ಚುರುಕು. ಗಂಗಹನುಮಯ್ಯನವರು ಹತ್ತಿರ ಹೋಗಿ ಕೈ ಮುಗಿದರು. ಆಕೆ ಮೊರ ಕೆಳಗಿಟ್ಟಳು.

"ಓ, ಬರ್ಕಣಾಕೆ ಬಂದಿದ್ದ ಮೇಷ್ಟ್ರು. ಆವತ್ತು ಅಷ್ಟೊಂದು ಬರ್ಕಂಡು ಹೋದ್ಯಲ್ಲಪ್ಪ, ಎಲ್ಲಿ, ಕಳ್ಕಂಡ್ಯಾ?"

"ಹೂಂ ಕಣವ್ವ, ಕಳ್ಕೊಂಡೆ" ಎಂದರು ಗಂಗಹನುಮಯ್ಯ. ಅವರ ಕಣ್ಣಲ್ಲಿ ನೀರಿತ್ತು.

"ಅದಕ್ಯಾಕೆ ಅಳ್ತೀಯ. ಇನ್ನೊಂದಪ ಹೇಳ್ತೀನಿ ಬುಡು."

ಹೇಳಿದಳು. ಸರ್ವಮಂಗಳಮ್ಮ ಮಡಿಲಲ್ಲಿ ಪುಸ್ತಕವಿಟ್ಟುಕೊಂಡು, ಒಂದು ಅಕ್ಷರ ಬಿಡದಂತೆ ಬರೆದುಕೊಂಡರು. ಮಳೆ ಹೋದ ವರ್ಷ ಬೀರಯ್ಯ ತೂಬು ತೆಗೆದರೆ ಕಟ್ಟಕಡೆಯ ಗದ್ದೆಯಿಂದ ಶುರುಮಾಡುತ್ತಿದ್ದ. ಏಕೆಂದು ಗಂಗಹನುಮಯ್ಯ ಆವತ್ತು ಕೇಳಿರಲಿಲ್ಲವಂತೆ. ಈಗ ಸರ್ವಮಂಗಳಮ್ಮ ಕೇಳಿದರು.

"ಕೆರೆ ಕೆಳಗಿನ ಗದ್ದೆಗೆ ನೀರು ತಾನಾಗೇ ಜಿನುಗ್ತದೆ ಕಣವ್ವ. ಹತ್ರ ಇರೋನು ತೂಬಿನತಾವ ಬಂದು ಬೈದಾದ್ರೂ ಈಸ್ಕತಾನೆ. ದೂರದೋನು ಕೂಗುದ್ರೆ ಯಾರ್ಗೆ ಕೇಳ್ತದೆ? ಅದಕ್ಕೆ ಅವ್ನಿಗೆ ಮೊದ್ಲು."

ಊರಿನ ಇನ್ನಿಬ್ಬರು ಮುದುಕರು ಬಂದು ಹೌದೆಂದರು. ಅವರ ಹೆಸರು, ವಯಸ್ಸುಗಳನ್ನೂ ಬರೆದುಕೊಂಡೆವು. ನನ್ನ ಹೆಸರನ್ನು ಪುಸ್ತಕದಲ್ಲಿ ಹಾಕುತ್ತೀರಾ ಎಂದು ಓಬಳಮ್ಮ ಕೇಳಿದಳು. ಹಾಕುತ್ತೇವೆ ಎಂದೆವು. ಗಂಡನ ಹೆಸರೂ ಇರಲಿ ಎಂದಳು.

ವಿಶ್ವವಿದ್ಯಾನಿಲಯಕ್ಕೆ ಬರೆಯಬೇಕಾದ ಪತ್ರವನ್ನು ಗಂಗಹನುಮಯ್ಯ ನಮ್ಮೆದುರಿಗೇ ಬರೆದರು. ತಪ್ಪನ್ನೆಲ್ಲ ತಮ್ಮ ಮೇಲೆ ಹಾಕಿಕೊಂಡು, ಟೈಪಿಸ್ಟರ ಮಾತನ್ನೇ ಎತ್ತಿರಲಿಲ್ಲ. ಸರ್ವಮಂಗಳಮ್ಮ ಅದನ್ನು ಹೊಡೆಯಲು ಒಪ್ಪಲಿಲ್ಲ. ಇದೂ ಸುಳ್ಳಾಗುತ್ತದೆ ಎಂದರು. ಕೊನೆಗೆ, "ಚೀಟಿಯನ್ನು ನಾನು ತೆಗೆದೆನು, ಬರಿದಾಗಿದ್ದ ಸಾಲನ್ನು ಬೆರಳಚ್ಚುಗಾರ್ತಿ ಶ್ರೀಮತಿ ಸರ್ವಮಂಗಳಮ್ಮನವರು ಊಹೆಯಿಂದ ತುಂಬಿದರು, ತಿಳಿದೂ ನಾನು ಸುಮ್ಮನಿದ್ದೆನು" ಎಂದು ಮೂರು ವಾಕ್ಯವಾಯಿತು. ತಮ್ಮ ಹೆಸರು ಬಂದ ಕಡೆ ಅವರ ಬೆರಳು ಎರಡು ಸಲ ತಪ್ಪಿತು. ಹಾಳೆ ಬದಲಿಸಿ ಹೊಸದಾಗಿ ಹೊಡೆದರು. ಓಬಳಮ್ಮನ ಹೇಳಿಕೆಯನ್ನು ಜೊತೆಗಿಟ್ಟರು. ರಿಜಿಸ್ಟರ್ ಅಂಚೆಯಲ್ಲಿ ಕಳುಹಿಸಿ ಬಂದೆವು.

ಆಮೇಲಿನ ಏಳು ವಾರ ಆ ಮನೆಯಲ್ಲಿ ಹೇಗೆ ಕಳೆದವೋ ನಾನು ಬಲ್ಲೆ. ಸರ್ವಮಂಗಳಮ್ಮ ಸರಿಯಾಗಿ ಊಟ ಮಾಡುತ್ತಿರಲಿಲ್ಲ. ಅಂಚೆಯವನು ಬರುವ ಹೊತ್ತಿಗೆ ಯಂತ್ರದ ಸದ್ದು ನಿಲ್ಲುತ್ತಿತ್ತು. ಗಂಟೆ ಬೀದಿ ದಾಟಿ ಹೋದ ಮೇಲೆ ಮತ್ತೆ ಶುರುವಾಗುತ್ತಿತ್ತು. ಸುದ್ದಿ ಊರಲ್ಲಿ ಹಬ್ಬಿತು. ಅರ್ಧ ಹೊಡೆದಿದ್ದ ಒಂದು ಪ್ರಬಂಧವನ್ನು ಒಬ್ಬರು ಬಂದು, ಕಾರಣ ಹೇಳದೆ, ಎತ್ತಿಕೊಂಡು ಹೋದರು. ಗಂಗಹನುಮಯ್ಯ ಪ್ರತಿ ಶನಿವಾರ ಗುಬ್ಬಿಯಿಂದ ಬಂದು ನಮ್ಮ ಜೊತೆ ಕುಳಿತು ಹೋಗುತ್ತಿದ್ದರು. ಕೆಲಸವೇನೂ ಇರುತ್ತಿರಲಿಲ್ಲ. ಒಬ್ಬರೇ ಹೆದರುವುದಕ್ಕಿಂತ ಇದು ವಾಸಿ ಎನ್ನುತ್ತಿದ್ದರು.

ಪತ್ರ ಬಂದಾಗ ಸರ್ವಮಂಗಳಮ್ಮ ಒಡೆಯಲಾರದೆ ನನ್ನ ಕೈಗೆ ಕೊಟ್ಟರು. ನಾಲ್ಕೇ ಸಾಲು. ತಿದ್ದುಪಡಿಯನ್ನು ಅಂಗೀಕರಿಸಲಾಗಿದೆ. ಗ್ರಂಥಾಲಯದ ಪ್ರತಿಯಲ್ಲಿ ಸಂಬಂಧಪಟ್ಟ ಪುಟಕ್ಕೆ ಅಂಟಿಸಲು ತಿದ್ದುಪಡಿ ಚೀಟಿಯನ್ನು ಕಳುಹಿಸತಕ್ಕದ್ದು. ಮುಂದೆ ಇಂಥದು ಆಗಬಾರದು. ನಾನು ಎರಡು ಸಲ ಓದಿದೆ. ಅವರು ಮೂರನೆಯ ಸಲ ಓದಿಸಿಕೊಂಡು, ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಮಹಾಲಿಂಗಯ್ಯನವರ ಪರೀಕ್ಷೆ ಆರು ತಿಂಗಳು ಮುಂದಕ್ಕೆ ಹೋಯಿತು. ನೋಡದ ಆಧಾರಗಳನ್ನೆಲ್ಲ ತೆಗೆಯಬೇಕೆಂದು ಪರೀಕ್ಷಕರು ಹೇಳಿದರಂತೆ. ಒಂದು ಅಧ್ಯಾಯ ಅರ್ಧಕ್ಕೆ ಇಳಿಯಿತು. ಅವರು ಕುಣಿಗಲ್ಲಿನ ಕೆರೆಗಳ ಸುತ್ತ ತಾವೇ ತಿರುಗಿ ಬಂದು ಅದನ್ನು ಹೊಸದಾಗಿ ಬರೆದರು. ಟೈಪಿಗೆ ಬೇರೆ ಕಡೆ ಹೋಗಬಹುದಾಗಿತ್ತು. ಇಲ್ಲಿಗೇ ತಂದರು.

ನಾನು ನಿವೃತ್ತನಾಗಿ ಆರು ವರ್ಷವಾಯಿತು. ಈ ೧೯೮೯ರಲ್ಲಿ ಸರ್ವಮಂಗಳಮ್ಮನವರು ಅದೇ ಕಿಟಕಿಯ ಕೆಳಗೆ ಅದೇ ಯಂತ್ರದ ಮುಂದೆ ಕೂರುತ್ತಾರೆ. ಬೆರಳ ಗಿಣ್ಣುಗಳು ನೋಯುವುದರಿಂದ ತಿಂಗಳಿಗೆ ಎರಡು ಅಧ್ಯಾಯಗಳಿಗಿಂತ ಹೆಚ್ಚು ಒಪ್ಪಿಕೊಳ್ಳುವುದಿಲ್ಲ. ಪ್ರಬಂಧ ತಂದವರನ್ನು ಮೊದಲು ಕೂರಿಸಿ, ಪುಸ್ತಕಗಳ ಪಟ್ಟಿಯಾಯಿತು, ನಿಮಗೆ ಬಾಯಲ್ಲಿ ಹೇಳಿದವರ ಪಟ್ಟಿ ಎಲ್ಲಿ ಎಂದು ಕೇಳುತ್ತಾರೆ. ಹೆಸರು, ಊರು, ವಯಸ್ಸು ಬರೆದುಕೊಟ್ಟರೆ ಮಾತ್ರ ಯಂತ್ರಕ್ಕೆ ಹಾಳೆ ಏರಿಸುತ್ತಾರೆ. ಹಾಲಿನ ದ್ಯಾವಪ್ಪನಿಗೆ ಕಥೆಯೆಲ್ಲ ಗೊತ್ತು. ಹಾಲು ಅಳೆಯುವಾಗ, ನನ್ನ ಪುಸ್ತಕ ಅಚ್ಚಾಯ್ತಾ ಅವ್ವ ಎಂದು ಈಗಲೂ ಕೇಳುತ್ತಾನೆ.

ಹೋದ ಗುರುವಾರ ನಾನು ಹೋದಾಗ ಯಂತ್ರ ಸುಮ್ಮನಿತ್ತು. ಹಾಳೆ ಅರ್ಧ ಹೊರಗೆ ಬಂದು ನಿಂತಿತ್ತು; ಪುಟದ ಕೆಳಗೆ ಹತ್ತು ಅಕ್ಷರದ ಖಾಲಿ ಜಾಗ, ಸುತ್ತ ಪೆನ್ಸಿಲಿನ ಗೆರೆ. ಬರೆದವರು ನಾಳೆಯೇ ಒಪ್ಪಿಸಬೇಕೆಂದು ಅವಸರ ಮಾಡುತ್ತಿದ್ದಾರಂತೆ. ಸರ್ವಮಂಗಳಮ್ಮ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಬಾಗಿಲ ಕಡೆ ನೋಡುತ್ತ ಕುಳಿತಿದ್ದರು. ಹೆದರಿಕೆ ಇನ್ನೂ ಇದೆಯೇ ಎಂದು ಕೇಳಿದೆ. ಇದೆ ಮೇಷ್ಟ್ರೇ ಎಂದರು. ಕುಣಿಗಲ್ಲಿಗೆ ಚೀಟಿ ಹೋಗಿದೆ, ಉತ್ತರ ಐದು ಗಂಟೆಯ ಬಸ್ಸಿಗೆ ಬರುತ್ತದೆ ಎಂದರು. ನಾನೂ ಒಂದು ಕುರ್ಚಿ ಎಳೆದುಕೊಂಡು ಕುಳಿತೆ.